ಕಡೆತದಿಂದ ಲೇತಿನವರೆಗೆ: ಚನ್ನಪಟ್ಟಣದ ಮನೆಗೆ ಯಂತ್ರ ಬಂದ ಬಗೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ ಚನ್ನಪಟ್ಟಣ ತನ್ನ ಅರಗಿನ ಬೊಂಬೆಗಳಿಂದಾಗಿ ನಾಡಿನ ಆಚೆಗೂ ಹೆಸರಾಗಿದೆ. ಈ ಬೊಂಬೆಗಳ ಬಣ್ಣ, ಆಕಾರ, ಮಾರುಕಟ್ಟೆಗಳನ್ನು ಕುರಿತು ಸಾಕಷ್ಟು ಬರವಣಿಗೆ ಬಂದಿದೆ. ಆದರೆ ಬೊಂಬೆಯನ್ನು ಸಾಧ್ಯವಾಗಿಸಿದ ಯಂತ್ರವನ್ನು, ಅಂದರೆ ಮರವನ್ನು ತಿರುಗಿಸಿ ಕಡೆಯುವ ಸಾಧನವನ್ನು, ನಮ್ಮ ಜಾನಪದ ಅಧ್ಯಯನ ಬಹುಮಟ್ಟಿಗೆ ಪಕ್ಕಕ್ಕಿಟ್ಟಿದೆ. ವಸ್ತುವನ್ನು ಸಂಗ್ರಹಿಸಿ ಅದನ್ನು ಹುಟ್ಟಿಸಿದ ಉಪಕರಣವನ್ನು ಮರೆಯುವ ಈ ಪ್ರವೃತ್ತಿಗೆ ಪ್ರಸ್ತುತ ಲೇಖಕನೂ ಹೊರತಲ್ಲ. ಕೈಯಿಂದ ಎಳೆಯುವ ಕಡೆತದ ಸಾಧನ ಹಿಂದೆ ಸರಿದು ವಿದ್ಯುತ್ ಲೇತು ಕುಶಲಕರ್ಮಿಯ ಮನೆಯೊಳಗೆ ಬಂದು ನೆಲೆಗೊಂಡ ಚರಿತ್ರೆಯನ್ನು ಭಾಷೆ, ಐತಿಹ್ಯ ಮತ್ತು ಕ್ಷೇತ್ರಕಾರ್ಯ ಎಂಬ ಮೂರು ಆಕರಗಳ ನೆರವಿನಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಮನೆಗೆ ಹೊಸ ಯಂತ್ರವೊಂದು ಬಂದಾಗ ಅದಕ್ಕಾಗಿ ಜಾಗ ಬಿಟ್ಟುಕೊಟ್ಟವರು ಯಾರು ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

1. ‘ಕಡೆ’ ಎಂಬ ಕ್ರಿಯಾಪದ

ಕನ್ನಡದಲ್ಲಿ ‘ಕಡೆ’ ಎಂಬ ಧಾತುವಿಗೆ ಇರುವ ಅರ್ಥವ್ಯಾಪ್ತಿ ಗಮನಾರ್ಹವಾದುದು. ಮೊಸರನ್ನು ಕಡೆಯುತ್ತೇವೆ, ಎರಡು ಕಟ್ಟಿಗೆಗಳನ್ನು ಉಜ್ಜಿ ಬೆಂಕಿ ಹುಟ್ಟಿಸುವುದೂ ಕಡೆಯುವುದೇ, ಮರವನ್ನು ತಿರುಗಿಸಿ ದುಂಡಗೆ ಮಾಡುವುದೂ ಕಡೆಯುವುದೇ. ತಮಿಳಿನ ‘ಕಡೈ’ ಎಂಬ ಸಮಾನ ಧಾತುವಿಗೂ ಮಜ್ಜಿಗೆ ಕಡೆಯುವ ಮತ್ತು ಮರ ಕಡೆಯುವ ಎರಡೂ ಅರ್ಥಗಳಿವೆ. ಈ ಸಾಮ್ಯ ಆಕಸ್ಮಿಕವಲ್ಲ. ಕಂಬಕ್ಕೆ ಆನಿಸಿದ ಕಡೆಗೋಲಿಗೆ ಹಗ್ಗ ಸುತ್ತಿ, ಎರಡು ತುದಿಗಳನ್ನು ಸರದಿಯಂತೆ ಎಳೆದರೆ ಕೋಲು ಒಮ್ಮೆ ಬಲಕ್ಕೂ ಒಮ್ಮೆ ಎಡಕ್ಕೂ ತಿರುಗುತ್ತದೆ. ಅಗ್ನಿಮಥನದ ಅರಣಿಯಲ್ಲಿಯೂ, ಬಡಗಿಯ ಹಗ್ಗದ ಬೈರಿಗೆಯಲ್ಲಿಯೂ ಇದೇ ಚಲನೆಯಿದೆ. ಕೋಲನ್ನು ನಿಲ್ಲಿಸುವ ಬದಲು ಮಲಗಿಸಿ, ಕೋಲಿನ ಜಾಗದಲ್ಲಿ ಮರದ ತುಂಡನ್ನು ಹಿಡಿಸಿ, ಅದಕ್ಕೆ ಉಳಿ ಆನಿಸಿದರೆ ಅದೇ ಕಡೆತದ ಯಂತ್ರ. ಅಡುಗೆಮನೆಯ ಹೆಣ್ಣಿನ ಕೈಚಲನೆಗೂ ಕಾರ್ಖಾನೆಯ ಕುಶಲಕರ್ಮಿಯ ಕೈಚಲನೆಗೂ ಒಂದೇ ಮಾತನ್ನು ಬಳಸಿದ ನಮ್ಮ ಹಿರಿಯರು ಈ ಯಾಂತ್ರಿಕ ಸಂಬಂಧವನ್ನು ಚೆನ್ನಾಗಿ ಬಲ್ಲವರಾಗಿದ್ದರೆಂದು ಹೇಳಬಹುದು.

ಈ ತಂತ್ರದ ಪ್ರಾಚೀನತೆಗೆ ಬೇರೆ ಕುರುಹುಗಳೂ ಇವೆ. ಈಜಿಪ್ಟಿನಲ್ಲಿ ಕ್ರಿ.ಪೂ. 300ರ ಸುಮಾರಿನ ಪೆಟೊಸಿರಿಸ್‌ನ ಸಮಾಧಿಯ ಉಬ್ಬುಶಿಲ್ಪದಲ್ಲಿ ಒಬ್ಬ ಪಟ್ಟಿ ಎಳೆಯುತ್ತಿದ್ದು, ಮತ್ತೊಬ್ಬ ಉಳಿ ಹಿಡಿದಿರುವ ದೃಶ್ಯವಿದೆ. ಭಾರತದ ಮಟ್ಟಿಗೆ ಪಾಳಿ ಬೌದ್ಧ ಸಾಹಿತ್ಯದ ಸತಿಪಟ್ಠಾನ ಸುತ್ತದಲ್ಲಿ ಬರುವ ಉಪಮೆ ಮಹತ್ವದ್ದು. ಧ್ಯಾನಿಯು ತನ್ನ ಉಸಿರು ದೀರ್ಘವೋ ಹ್ರಸ್ವವೋ ಎಂಬುದನ್ನು ಅರಿಯಬೇಕಾದ ಬಗೆಯನ್ನು ಅಲ್ಲಿ ‘ಭಮಕಾರ’ನ, ಅಂದರೆ ಕಡೆತಗಾರನ ನಿದರ್ಶನದಿಂದ ವಿವರಿಸಲಾಗಿದೆ. ಕುಶಲನಾದ ಕಡೆತಗಾರನಿಗೂ ಅವನ ಶಿಷ್ಯನಿಗೂ ತನ್ನ ಎಳೆತ ಉದ್ದವೋ ಗಿಡ್ಡವೋ ಎಂಬುದರ ಅರಿವು ಇರುವಂತೆ, ಎಂಬುದು ಅದರ ತಾತ್ಪರ್ಯ. ಎಳೆತಕ್ಕೆ ಉದ್ದ ಗಿಡ್ಡಗಳಿರುವುದು ಹಿಂದೆ ಮುಂದೆ ಚಲಿಸುವ ಹಗ್ಗದ ಯಂತ್ರದಲ್ಲಿ ಮಾತ್ರ. ಉಸಿರಿನ ಒಳಹೊರಗಿಗೂ ಹಗ್ಗದ ಹಿಂದುಮುಂದಿಗೂ ಇರುವ ಹೋಲಿಕೆಯನ್ನು ಆ ಕಾಲದ ಕೇಳುಗರು ವಿವರಣೆಯಿಲ್ಲದೆ ಗ್ರಹಿಸುತ್ತಿದ್ದರೆಂಬುದು, ಈ ಕಸುಬು ಎಷ್ಟು ಪರಿಚಿತವಾಗಿತ್ತೆಂಬುದಕ್ಕೆ ಸಾಕ್ಷಿ. ಕನ್ನಡ ನಾಡಿನಲ್ಲಿ ಕಲ್ಯಾಣ ಚಾಲುಕ್ಯ ಮತ್ತು ಹೊಯ್ಸಳರ ಗುಡಿಗಳ ಬಳಪದ ಕಲ್ಲಿನ ಕಂಬಗಳ ಮೇಲೆ ಕಾಣುವ ನಿಖರವಾದ ಬಳೆಗಳನ್ನು ಕಲೆಯ ಇತಿಹಾಸಕಾರರು ಕಡೆತದ ಕೆಲಸವೆಂದೇ ಗುರುತಿಸಿದ್ದಾರೆ.

2. ‘ಖರಾದ್’ ಮತ್ತು ಚನ್ನಪಟ್ಟಣದ ಐತಿಹ್ಯ

ಚನ್ನಪಟ್ಟಣದ ಕಡೆತಗಾರರಲ್ಲಿ ಮುಸ್ಲಿಮರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಅವರ ಮನೆಮಾತು ದಖನಿ. ಉರ್ದು ಪರಂಪರೆಯಲ್ಲಿ ಈ ಯಂತ್ರಕ್ಕೆ ‘ಖರಾದ್’ ಎಂದೂ, ಕಡೆಯುವವನಿಗೆ ‘ಖರಾದಿ’ ಎಂದೂ ಹೆಸರು. ಅರಬ್ಬಿ ಮೂಲದ ಈ ಶಬ್ದ ಪಾರಸಿಯ ಮೂಲಕ ಭಾರತದ ಭಾಷೆಗಳನ್ನು ಹೊಕ್ಕಿದೆ. ಶ್ರೀರಂಗಪಟ್ಟಣದಿಂದ 1782ರಿಂದ 1799ರವರೆಗೆ ಆಳಿದ ಟಿಪ್ಪು ಸುಲ್ತಾನ್ ಪಾರಸಿ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿನವರಿಗೆ ಅರಗಿನ ಕೆಲಸ ಕಲಿಸಿದನೆಂಬ ಐತಿಹ್ಯ ಊರಿನಲ್ಲಿ ವ್ಯಾಪಕವಾಗಿದೆ. ಈ ಐತಿಹ್ಯವನ್ನು ಹೊರಗಿನಿಂದ ಬಂದ ಒಂದು ಕುಶಲತೆಯ ಸ್ಮರಣೆಯಾಗಿ ಓದಬೇಕೇ ಹೊರತು, ಕಡೆತವೇ ಆಗ ಹುಟ್ಟಿತೆಂದು ಓದಬಾರದು. ‘ಕಡೆ’ ಎಂಬ ದೇಸಿ ಧಾತು ನೆಲದಲ್ಲಿ ಮೊದಲೇ ಇತ್ತು. ‘ಖರಾದ್’ ಅದರ ಮೇಲೆ ಬಂದು ಕೂತ ಎರಡನೆಯ ಪದರ.

ಮೂರನೆಯ ಹಂತವನ್ನು ಊರಿನವರು ಬವಾಸ್ ಮಿಯಾನ್ ಅವರ ಹೆಸರಿನೊಂದಿಗೆ ನೆನೆಯುತ್ತಾರೆ. ಚನ್ನಪಟ್ಟಣದ ಬೊಂಬೆಗಳ ಪಿತಾಮಹರೆಂದು ಅವರನ್ನು ಗೌರವಿಸಲಾಗುತ್ತದೆ. ಜಪಾನಿನ ಬೊಂಬೆ ತಯಾರಿಕೆಯ ವಿಧಾನವನ್ನು ಅವರು ಇಲ್ಲಿನ ಕೆಲಸಕ್ಕೆ ಅಳವಡಿಸಿದರೆಂಬುದು ಪರಂಪರೆಯ ಹೇಳಿಕೆ. ಒಂದು ಐತಿಹ್ಯ ಪಶ್ಚಿಮಕ್ಕೂ ಮತ್ತೊಂದು ಪೂರ್ವಕ್ಕೂ ಕೈಮಾಡಿ ತೋರಿಸುವುದು ಸ್ವಾರಸ್ಯಕರವಾಗಿದೆ. ಎರಡೂ ಕಥನಗಳಲ್ಲಿ ತಂತ್ರವನ್ನು ತಂದವನ ಹೆಸರಿದೆ. ಅದನ್ನು ತಮ್ಮ ಪಡಸಾಲೆಯಲ್ಲಿ ನೆಲೆಗೊಳಿಸಿಕೊಂಡ ಸಾವಿರಾರು ಮನೆಗಳ ಹೆಸರಿಲ್ಲ.

3. ಕೈಕಡೆತ ಮತ್ತು ಎರಡನೆಯ ಕೈ

ಕೈಯಿಂದ ನಡೆಯುವ ಕಡೆತದ ಸಾಧನ ಸರಳವಾದುದು. ನೆಲಮಟ್ಟದಲ್ಲಿ ಎದುರುಬದುರಾಗಿ ಎರಡು ಗುದ್ದುಗಳು, ಅವುಗಳಿಗೆ ಕಬ್ಬಿಣದ ಮೊನೆಗಳು, ನಡುವೆ ತಿರುಗುವ ಮರ, ಮುಂದೆ ಉಳಿಗೆ ಆಸರೆಯಾಗುವ ಪಟ್ಟಿ. ಚಿಕ್ಕ ಕೆಲಸವಾದರೆ ಕಡೆತಗಾರನೇ ಒಂದು ಕೈಯಲ್ಲಿ ಕಮಾನು ಎಳೆಯುತ್ತ, ಇನ್ನೊಂದು ಕೈಯಲ್ಲಿ ಉಳಿ ಹಿಡಿದು, ಕಾಲ್ಬೆರಳಿನಿಂದ ಅದರ ಅಲಗನ್ನು ನಿಯಂತ್ರಿಸುತ್ತಾನೆ. ದೊಡ್ಡ ಕೆಲಸವಾದರೆ ಹಗ್ಗ ಎಳೆಯಲು ಇನ್ನೊಬ್ಬರು ಬೇಕು. ಮರ ತನ್ನತ್ತ ತಿರುಗುವಾಗ ಮಾತ್ರ ಉಳಿ ಕತ್ತರಿಸುತ್ತದೆ. ಹಿಂದಕ್ಕೆ ತಿರುಗುವಾಗ ಉಳಿಯನ್ನು ತುಸು ಸಡಿಲಿಸಬೇಕು. ಎಂದರೆ ದುಡಿಮೆಯ ಅರ್ಧ ಎಳೆತ ಕತ್ತರಿಸದೆ ಕಳೆಯುತ್ತದೆ. ಆ ಅರ್ಧದಲ್ಲಿ ಕಣ್ಣು ಆಕಾರವನ್ನು ನೋಡುತ್ತದೆ, ಕೈ ಮುಂದಿನ ಕತ್ತರಿಕೆಗೆ ಸಿದ್ಧವಾಗುತ್ತದೆ ಎಂಬುದು ಹಿರಿಯ ಕಡೆತಗಾರರ ವಿವರಣೆ.

ಈ ಊರಿನ ಕೆಲಸಕ್ಕೆ ಒದಗಿಬಂದುದು ಸ್ಥಳೀಯರು ಆಲೆ ಮರವೆಂದು ಕರೆಯುವ, ಸಸ್ಯಶಾಸ್ತ್ರದಲ್ಲಿ ರೈಟಿಯಾ ಟಿಂಕ್ಟೋರಿಯಾ ಎಂದು ಹೆಸರಿರುವ ಮರ. ಒತ್ತಾದ ಎಳೆ, ದಂತದಂಥ ಬಿಳುಪು, ಉಳಿಗೆ ಸುಲಭವಾಗಿ ಒಗ್ಗುವ ಮೃದುತ್ವ ಇದರ ಗುಣಗಳು. ಕಡೆದು ನಯಗೊಳಿಸಿದ ಮೇಲೆ, ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಘರ್ಷಣೆಯ ಬಿಸಿಗೆ ಅರಗು ಕರಗಿ ಮೈಗೆ ಹರಡುತ್ತದೆ. ಬಳಿಕ ಕೇದಗೆಯ ಗರಿಯಿಂದ ಒತ್ತಿ ಉಜ್ಜಿದರೆ ಹೊಳಪು ಬರುತ್ತದೆ. ಬಣ್ಣ ಹಚ್ಚಲು ಬೇರೆ ಕುಂಚವಾಗಲಿ ಒಲೆಯಾಗಲಿ ಬೇಡ; ಚಲನೆಯೇ ಬಿಸಿ, ಬಿಸಿಯೇ ಬಣ್ಣ. ಆದುದರಿಂದ ವೇಗ ಮತ್ತು ನಿರಂತರತೆ ಈ ಕಸುಬಿನಲ್ಲಿ ಅಲಂಕಾರದ ಗುಣಮಟ್ಟವನ್ನೂ ನಿರ್ಧರಿಸುತ್ತವೆ. ವಿದ್ಯುತ್ ಲೇತನ್ನು ಇಲ್ಲಿನವರು ಒಪ್ಪಿಕೊಂಡದ್ದಕ್ಕೆ ಇದು ಒಂದು ಒಳಗಿನ ಕಾರಣ.

ಹಗ್ಗ ಎಳೆಯುವ ಎರಡನೆಯ ಕೈ ಬಹುತೇಕ ಮನೆಯವರದೇ: ಹೆಂಡತಿ, ತಂಗಿ, ಇಲ್ಲವೇ ಶಾಲೆ ಬಿಟ್ಟ ಹುಡುಗ. ಲೆಕ್ಕದ ಪುಸ್ತಕದಲ್ಲಿ ಆ ಕೈಗೆ ಕೂಲಿಯಿಲ್ಲ. ನನ್ನ ವಕ್ತೃಗಳಲ್ಲಿ ಒಬ್ಬರಾದ, ಎಪ್ಪತ್ತು ದಾಟಿದ ಹೆಂಗಸೊಬ್ಬರು ತಮ್ಮ ಬಲ ಅಂಗೈಯ ಜಡ್ಡನ್ನು ತೋರಿಸಿ, “ಇದು ಅವರ ಕಸುಬಿನ ಗುರುತು ಕಣಪ್ಪ, ನನ್ನ ಕೈಮೇಲೆ ಉಳೀತು” ಎಂದಿದ್ದರು. ಮೂವತ್ತು ವರ್ಷ ಹಗ್ಗ ಎಳೆದ ಅವರನ್ನು ಊರಿನಲ್ಲಿ ಯಾರೂ ಕಡೆತಗಾರ್ತಿ ಎಂದು ಕರೆದಿರಲಿಲ್ಲ.

4. ವಿದ್ಯುತ್ತು, ಸಂಸ್ಥೆಗಳು ಮತ್ತು ಮನೆ

ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸತೊಡಗಿತು. 1905ರಲ್ಲಿ ಬೆಂಗಳೂರಿಗೆ ವಿದ್ಯುದ್ದೀಪಗಳು ಬಂದವು. 1911ರಲ್ಲಿ ಆರಂಭವಾದ ಮೈಸೂರು ಆರ್ಥಿಕ ಸಮ್ಮೇಳನ ಕೈಗಾರಿಕೆಯನ್ನು ಸಂಸ್ಥಾನದ ಮುಖ್ಯ ಚಿಂತನೆಯಾಗಿಸಿತು. ಆದರೂ ವಿದ್ಯುತ್ತು ಮೊದಲು ತಲುಪಿದ್ದು ಗಣಿ, ಗಿರಣಿ ಮತ್ತು ನಗರಗಳನ್ನು. ಕುಶಲಕರ್ಮಿಯ ಹೆಂಚಿನ ಮನೆಯನ್ನು ಬಹಳ ತಡವಾಗಿ. ಈ ಅಂತರದಲ್ಲಿ ಸಾಮೂಹಿಕ ಕಾರ್ಯಾಗಾರಗಳಿಗೆ ಮಹತ್ವ ಬಂದಿತು. 1964ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ ಮಾರಾಟದ ಹೊಣೆಯ ಜೊತೆಗೆ ತರಬೇತಿಯನ್ನೂ ವಹಿಸಿಕೊಂಡಿತು. ನೀಲಸಂದ್ರದಲ್ಲಿ ಕಡೆತದ ಯಂತ್ರಗಳನ್ನು ಒಂದೇ ಸೂರಿನಡಿ ಇರಿಸಿದ ಅರಗಿನ ಕೆಲಸದ ಸಂಕೀರ್ಣ ರೂಪುಗೊಂಡಿತು. ರಾಜ್ಯದ ‘ವಿಶ್ವ’ ಯೋಜನೆಗೆ ನೆದರ್‌ಲ್ಯಾಂಡ್ಸ್ ಸರ್ಕಾರದ ನೆರವೂ ಕೂಡಿ ಕುಶಲಕರ್ಮಿಗಳಿಗೆ ಆಸರೆಯಾಯಿತು.

ಸಾಮೂಹಿಕ ಕಾರ್ಯಾಗಾರದಲ್ಲಿ ಲೇತಿನ ರುಚಿ ಕಂಡವರು ಅದನ್ನು ಮನೆಗೆ ತರಲು ಬಯಸಿದ್ದು ಸಹಜ. ಮನೆಯಲ್ಲಿ ಯಂತ್ರವಿದ್ದರೆ ಹೊತ್ತು ತಮ್ಮದು. ಮಳೆಯ ದಿನವೂ ಹಬ್ಬದ ಮುನ್ನಾದಿನದ ರಾತ್ರಿಯೂ ತಮ್ಮವು. ಅಡುಗೆ, ಮಕ್ಕಳು, ಕಸುಬು ಒಂದೇ ಸೂರಿನಡಿ ಸಾಗುತ್ತವೆ. ಆದರೆ ಇದೇ ಕಾರಣಕ್ಕೆ ಮನೆಯ ವಿದ್ಯುತ್ ಬಿಲ್ಲು, ಧೂಳು, ಸದ್ದು, ಅಪಘಾತದ ಭಯಗಳೂ ಕುಟುಂಬದ ಪಾಲಿಗೇ ಬಂದವು.

5. ಹೊಸ ಲೇತನ್ನು ನೆಲೆಗೊಳಿಸುವುದು: ಒಂದು ಕ್ಷೇತ್ರದಾಖಲೆ

2023ರ ಕೊನೆಯಲ್ಲಿ ಚನ್ನಪಟ್ಟಣದ ಒಂದು ಮನೆಗೆ ಹೊಸ ಮರದ ಲೇತು ಬಂದಾಗ ಅಲ್ಲಿ ಎರಡು ದಿನ ಇರುವ ಅವಕಾಶ ನನಗೆ ದೊರೆಯಿತು. ಕೊಳ್ಳುವ ನಿರ್ಧಾರಕ್ಕೆ ಮುಂಚೆ ಆ ಮನೆಯಲ್ಲಿ ನಡೆದ ಚರ್ಚೆ ಹಣದ ಜೊತೆಗೆ ಜಾಗವನ್ನೂ ಕುರಿತದ್ದಾಗಿತ್ತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆ ಗುರುತಿಸಿದ 18 ಕಸುಬುಗಳಲ್ಲಿ ಸಾಂಪ್ರದಾಯಿಕ ಬೊಂಬೆ ತಯಾರಿಕೆಯೂ ಸೇರಿತ್ತು. ಸಲಕರಣೆಗೆ 15,000 ರೂಪಾಯಿಯವರೆಗಿನ ನೆರವು, ಜಾಮೀನಿಲ್ಲದೆ ಮೊದಲ ಕಂತಿನಲ್ಲಿ 1 ಲಕ್ಷ, ಎರಡನೆಯ ಕಂತಿನಲ್ಲಿ 2 ಲಕ್ಷ ರೂಪಾಯಿಯವರೆಗೆ ಶೇ. 5ರ ಬಡ್ಡಿಯ ಸಾಲ ಅದರ ಅಂಶಗಳು. ಮನೆಯ ಹಿರಿಯರು ಸಾಲದ ಮಾತಿಗೆ ಹಿಂಜರಿದರೆ, ಸೊಸೆ ಕೇಳಿದ್ದು ಬೇರೆ: “ಮಾವ, ಅದನ್ನ ಎಲ್ಲಿ ಇಡ್ತೀರಿ ಅಂತ ಮೊದಲು ಹೇಳಿ. ಮಗು ಅಂಬೆಗಾಲಿಡ್ತಿದೆ.” ಕಡೆಗೆ ಪಡಸಾಲೆಯನ್ನು ಬಿಟ್ಟು, ಹಿತ್ತಲ ಗೋಡೆಗೆ ತಗಡಿನ ಇಳಿಚಾವಣಿ ಹಾಕಿ ಅಲ್ಲಿ ಜಾಗ ಮಾಡಲಾಯಿತು.

ನೆಲೆಗೊಳಿಸುವ ಕ್ರಮದಲ್ಲಿ ಪಾರಂಪರಿಕ ಅರಿವೂ ಹೊಸ ಯಾಂತ್ರಿಕ ಅರಿವೂ ಬೆರೆತಿದ್ದವು. ಮೊದಲು ಕಾಂಕ್ರೀಟಿನ ಪೀಠ. ಪೀಠ ಹಗುರವಾದರೆ ಯಂತ್ರ ನಡುಗುತ್ತದೆ. ಯಂತ್ರ ನಡುಗಿದರೆ ಉಳಿ ನಡುಗುತ್ತದೆ. ಮರದ ಮೈಮೇಲೆ ಅಲೆಗಳು ಮೂಡುತ್ತವೆ. ಎತ್ತರವನ್ನು ಅಳತೆಪಟ್ಟಿಯಿಂದ ಅಳೆಯಲಿಲ್ಲ. ಕೆಲಸ ಮಾಡುವಾತ ನಿಂತು ತೋಳು ಮಡಚಿದಾಗ ಮೊಣಕೈ ಬರುವ ಮಟ್ಟಕ್ಕೆ ತಿರುಗುವ ಅಕ್ಷ ಬರುವಂತೆ ಗೋಡೆಯ ಮೇಲೆ ಇದ್ದಲಿನ ಗೀಟು ಎಳೆದರು. ಕಬ್ಬಿಣದ ಹಾಸನ್ನು ರಸಮಟ್ಟ ಇಟ್ಟು ಸಮಗೊಳಿಸಿ, ಕಾಲುಗಳಡಿ ತಗಡಿನ ಚೂರು ಕೊಟ್ಟು, ಬೋಲ್ಟುಗಳನ್ನು ಬಿಗಿದರು. ಬಳಿಕ ಎದುರು ಮೊನೆಯನ್ನು ಮುಂದಕ್ಕೆ ಸರಿಸಿ ಎರಡು ಮೊನೆಗಳ ತುದಿ ಕೂದಲೆಳೆಯಷ್ಟೂ ತಪ್ಪದೆ ಮುಖಾಮುಖಿಯಾಗುತ್ತವೆಯೇ ಎಂದು ನೋಡಿದರು. ಅವು ತಪ್ಪಿದ್ದರೆ ಕಡೆದದ್ದು ದುಂಡಗಾಗುವುದಿಲ್ಲ, ಕೊರೆದ ತೂತು ನೇರವಾಗುವುದಿಲ್ಲ.

ವೇಗದ ವಿಚಾರದಲ್ಲಿ ಮನೆಯ ಕಿರಿಯನಿಗೆ ಹಿರಿಯರು ನೀಡಿದ ಪಾಠ ದಾಖಲಿಸತಕ್ಕದ್ದು. ಮೋಟಾರು ನಿಮಿಷಕ್ಕೆ 1440 ಸುತ್ತಿನದು. ಮೋಟಾರಿಗೆ 3 ಅಂಗುಲದ, ಅಕ್ಷಕ್ಕೆ 6 ಅಂಗುಲದ ಪುಲ್ಲಿ ಇದ್ದರೆ ಮರ 720 ಸುತ್ತು ತಿರುಗುತ್ತದೆ. ಪುಲ್ಲಿಗಳ ಅಳತೆ ಅದಲುಬದಲಾದರೆ 2880 ಸುತ್ತು. ಒಂದು ಅಂಗುಲದ ಮಣಿಗೆ 2880 ಸುತ್ತು ಒಗ್ಗುತ್ತದೆ. ಅದರ ಹೊರಮೈ ನಿಮಿಷಕ್ಕೆ ಸುಮಾರು 230 ಮೀಟರ್ ಓಡುತ್ತದೆ. ಅದೇ ವೇಗದಲ್ಲಿ ಆರು ಅಂಗುಲದ ಬಟ್ಟಲನ್ನು ತಿರುಗಿಸಿದರೆ ಹೊರಮೈಯ ಓಟ ಸುಮಾರು 1380 ಮೀಟರ್. ಸಮತೂಕವಿಲ್ಲದ ತುಂಡಾದರೆ ಸಿಡಿದು ಎದೆಗೆ ಬರುತ್ತದೆ. ಇದನ್ನು ಅವರು ಲೆಕ್ಕವಾಗಿ ಹೇಳಲಿಲ್ಲ, “ದೊಡ್ಡದನ್ನ ನಿಧಾನಕ್ಕೆ ತಿರುಗಿಸು, ಚಿಕ್ಕದನ್ನ ಜೋರಾಗಿ, ಗುಂಡಿ ಒತ್ತೋ ಮುಂಚೆ ಕೈಯಿಂದ ಒಂದು ಸುತ್ತು ತಿರುಗಿಸಿ ನೋಡು” ಎಂದರು. ತೋಳಿನ ಅಂಗಿ ಮಡಚುವುದು, ಕೊರಳಿನ ಟವೆಲು ತೆಗೆದಿಡುವುದು, ಭೂಸಂಪರ್ಕದ ತಂತಿಯಿಲ್ಲದೆ ಯಂತ್ರ ನಡೆಸದಿರುವುದು, ಉಳಿಯ ಆಸರೆಪಟ್ಟಿಯನ್ನು ಸರಿಸುವಾಗ ಯಂತ್ರ ನಿಲ್ಲಿಸುವುದು ಇವೆಲ್ಲ ಈಗಿನ ಗುರುಶಿಷ್ಯ ಪರಂಪರೆಯ ವಿಧಿನಿಷೇಧಗಳು.

ಮೊದಲ ತುಂಡನ್ನು ಬಟ್ಟಲಾಕಾರದ ಹಿಡಿಕೆಗೆ ಸುತ್ತಿಗೆಯಿಂದ ಬಡಿದು ಕೂರಿಸಿ, ಬಿಸ್ಮಿಲ್ಲಾ ಎಂದು ಉಳಿ ಆನಿಸಿ, ಒಂದು ಬುಗುರಿ ಕಡೆದು ಮಗುವಿನ ಕೈಗೆ ಕೊಟ್ಟರು. ನೆರೆಯವರಿಗೆ ಸಕ್ಕರೆ ಹಂಚಿದರು. ಎರಡು ಬೀದಿ ಆಚೆಯ ಹಿಂದೂ ಮನೆಯೊಂದರಲ್ಲಿ ಆಯುಧಪೂಜೆಯ ದಿನ ಇದೇ ಬಗೆಯ ಲೇತಿಗೆ ಅರಿಸಿನ ಕುಂಕುಮ ಹಚ್ಚಿದ್ದನ್ನು ಹಿಂದೆ ಕಂಡಿದ್ದೆ. ಯಂತ್ರ ಎರಡೂ ಕಡೆ ಮನೆಯ ಸದಸ್ಯನಂತೆ ಬರಮಾಡಿಕೊಳ್ಳಲ್ಪಡುತ್ತದೆ. ಇದನ್ನು ಕೇವಲ ಆಚರಣೆಯೆಂದು ಬದಿಗಿಡಲಾಗದು. ಅಪಾಯಕಾರಿಯಾದ ಶಕ್ತಿಯೊಂದನ್ನು ಮನೆಯ ಶಿಸ್ತಿಗೆ ಒಳಪಡಿಸುವ ಸಾಮಾಜಿಕ ಒಪ್ಪಂದ ಅದರಲ್ಲಿದೆ.

6. ಪಡೆದದ್ದು ಮತ್ತು ಕಳೆದದ್ದು

ಲೇತಿನಿಂದ ಬಂದ ಲಾಭಗಳನ್ನು ಅಲ್ಲಗಳೆಯುವಂತಿಲ್ಲ. ಮರ ಒಂದೇ ದಿಕ್ಕಿಗೆ ಎಡೆಬಿಡದೆ ತಿರುಗುವುದರಿಂದ ಕಳೆದುಹೋಗುತ್ತಿದ್ದ ಅರ್ಧ ಎಳೆತ ದುಡಿಮೆಗೆ ಸೇರಿತು. ಅರಗು ಸಮನಾಗಿ ಕೂರತೊಡಗಿತು. ಒಂದೇ ಅಳತೆಯ ನೂರಾರು ತುಂಡುಗಳನ್ನು ಕೊಡುವುದು ಸಾಧ್ಯವಾದುದರಿಂದ ಹೊರದೇಶದ ಬೇಡಿಕೆಗೆ ಒದಗಲು ಅನುಕೂಲವಾಯಿತು. 2006ರ ವೇಳೆಗೆ ಚನ್ನಪಟ್ಟಣದ ಬೊಂಬೆಗಳು ಭೌಗೋಳಿಕ ಸೂಚನೆಯ ನೋಂದಣಿ ಪಡೆದವು. 2021ರ ಜನವರಿ 1ರಿಂದ ಆಟಿಕೆಗಳಿಗೆ ಗುಣಮಟ್ಟದ ಕಡ್ಡಾಯ ನಿಯಮ ಜಾರಿಗೆ ಬಂದಾಗ, ಭೌಗೋಳಿಕ ಸೂಚನೆಯ ನೋಂದಾಯಿತ ಬಳಕೆದಾರರ ಉತ್ಪನ್ನಗಳಿಗೂ ನೋಂದಾಯಿತ ಕುಶಲಕರ್ಮಿಗಳ ಆಟಿಕೆಗಳಿಗೂ ವಿನಾಯಿತಿ ದೊರೆತದ್ದು ಮನೆಯ ಲೇತನ್ನು ಉಳಿಸಿತು ಎನ್ನಬಹುದು. ಇಲ್ಲವಾದರೆ ಪ್ರಯೋಗಾಲಯದ ವೆಚ್ಚವನ್ನು ಹಿತ್ತಲಿನ ಕಾರ್ಯಾಗಾರ ಭರಿಸುವಂತಿರಲಿಲ್ಲ.

ಹಗ್ಗ ಎಳೆಯುವ ಕೈಗೆ ಬಿಡುಗಡೆ ದೊರೆಯಿತು. ಇದು ದೊಡ್ಡ ಮಾತು. ಆ ಕೈಗಳಲ್ಲಿ ಕೆಲವು ಉಳಿಯನ್ನು ಹಿಡಿದವು. ಇಂದು ಚನ್ನಪಟ್ಟಣದಲ್ಲಿ ಸ್ವತಃ ಲೇತಿನ ಮುಂದೆ ನಿಂತು ಕಡೆಯುವ ಹೆಂಗಸರಿದ್ದಾರೆ. ತೋಳಿನ ಬಲವನ್ನು ಮೋಟಾರು ವಹಿಸಿಕೊಂಡದ್ದು ಅದಕ್ಕೆ ನೆರವಾಗಿದೆ. ಆದರೆ ಎಲ್ಲ ಕೈಗಳಿಗೂ ಆ ಅವಕಾಶ ದೊರೆಯಲಿಲ್ಲ. ಹಗ್ಗ ಬಿಟ್ಟ ಹಲವರು ಬಣ್ಣ ಬರೆಯುವ, ತುಂಡು ಜೋಡಿಸುವ, ಪೊಟ್ಟಣ ಕಟ್ಟುವ ಕೆಲಸಕ್ಕೆ ಸರಿದರು. ಅಲ್ಲಿ ಕೂಲಿಯುಂಟು, ಹೆಸರಿಲ್ಲ. ನಿರಂತರವಾಗಿ ತಿರುಗುವ ಯಂತ್ರ ಹಿಂದೆಂದಿಗಿಂತ ನುಣುಪಾದ ಧೂಳನ್ನು ಎಬ್ಬಿಸುತ್ತದೆ. ಅದು ಹಿತ್ತಲಿನಿಂದ ಅಡುಗೆಮನೆಗೂ ಹೋಗುತ್ತದೆ.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. 2008ರಲ್ಲಿ ಡಾಕ್ಟರೇಟ್ ಅಧ್ಯಯನಕ್ಕಾಗಿ ಈ ಊರಿಗೆ ಬಂದಾಗ ಒಂದು ಮನೆಯ ಅಟ್ಟದ ಮೇಲೆ ಹಳೆಯ ಕೈಕಡೆತದ ಸಾಧನ ಇದ್ದುದನ್ನು ಕಂಡಿದ್ದೆ. ನನ್ನ ಪ್ರಶ್ನಾವಳಿಯಲ್ಲಿ ಬೊಂಬೆಗಳೂ ಕಥೆಗಳೂ ಹಾಡುಗಳೂ ಇದ್ದವು. ಸಾಧನದ ಅಳತೆ ಇರಲಿಲ್ಲ. ಚಿತ್ರವನ್ನೂ ತೆಗೆಯಲಿಲ್ಲ. ಮೂರು ವರ್ಷಗಳ ನಂತರ ಅದನ್ನು ನೋಡಲೆಂದೇ ಹೋದಾಗ ಮನೆಯ ಯಜಮಾನರು ನಕ್ಕು, “ಅದು ಹೋಯ್ತು ಮೇಷ್ಟ್ರೇ. ಹೋದ ಮಳೆಗಾಲ ಸೌದೆ ಎಲ್ಲ ನೆನೆದಿತ್ತು, ನೀರೊಲೆಗೆ ಹಾಕಿಬಿಟ್ವಿ” ಎಂದರು. ಅವರ ಮಾತಿನಲ್ಲಿ ವಿಷಾದವಿರಲಿಲ್ಲ, ಇರಬೇಕಾಗಿಯೂ ಇಲ್ಲ. ಬಿಸಿನೀರು ಅವರ ಅಗತ್ಯ. ಅಳತೆ ಬರೆದಿಡುವುದು ನನ್ನ ಕೆಲಸವಾಗಿತ್ತು.

ಸಮಾರೋಪ

ಕಡೆ, ಖರಾದ್, ಲೇತು ಎಂಬ ಮೂರು ಮಾತುಗಳು ಚನ್ನಪಟ್ಟಣದಲ್ಲಿ ಇಂದಿಗೂ ಒಟ್ಟಿಗೆ ಬದುಕಿವೆ. ಲೇತಿನ ಮುಂದೆ ನಿಂತ ಖರಾದಿ ತಾನು ಮರ ಕಡೆಯುತ್ತಿದ್ದೇನೆಂದೇ ಹೇಳುತ್ತಾನೆ. ಈ ಮೂರು ಪದರಗಳಲ್ಲಿ ಯಾವುದೊಂದನ್ನೇ ಮೂಲವೆಂದು ಹಿಡಿದರೂ ಚರಿತ್ರೆ ಅಪೂರ್ಣವಾಗುತ್ತದೆ. ಹಾಗೆಯೇ ಹೊಸ ಯಂತ್ರದ ಆಗಮನವನ್ನು ಪರಂಪರೆಯ ಅವನತಿಯೆಂದು ಮರುಗುವುದೂ, ಪ್ರಗತಿಯೆಂದು ಕೊಂಡಾಡುವುದೂ ಸುಲಭದ ದಾರಿಗಳು. ಯಂತ್ರ ಯಾವ ಮನೆಗೆ, ಯಾವ ಸಾಲದಿಂದ, ಯಾವ ಮೂಲೆಗೆ, ಯಾರ ಮೊಣಕೈ ಎತ್ತರಕ್ಕೆ ಬಂದು ಕೂತಿತು ಎಂಬುದನ್ನು ದಾಖಲಿಸುವುದು ಕಷ್ಟದ, ಆದರೆ ಅಗತ್ಯವಾದ ಕೆಲಸ. ವಸ್ತುಸಂಗ್ರಹಾಲಯಗಳು ಬೊಂಬೆಯ ಪಕ್ಕದಲ್ಲಿ ಕಡೆತದ ಸಾಧನವನ್ನೂ, ಅದರ ಪಕ್ಕದಲ್ಲಿ ಹಗ್ಗವನ್ನೂ, ಹಗ್ಗ ಎಳೆದವರ ಮಾತನ್ನೂ ಇರಿಸಬೇಕು. ಅಟ್ಟದ ಮೇಲೆ ಇನ್ನೂ ಉಳಿದಿರಬಹುದಾದ ಸಾಧನಗಳ ಅಳತೆಯನ್ನು ಮುಂದಿನ ಮಳೆಗಾಲಕ್ಕೆ ಮೊದಲು ಬರೆದುಕೊಳ್ಳುವುದು ಈ ಕ್ಷೇತ್ರದ ಯುವ ಸಂಶೋಧಕರು ಕೂಡಲೇ ಕೈಗೊಳ್ಳಬೇಕಾದ ಕಾರ್ಯವಾಗಿದೆ.